ಚೀನಾದ ಕವಿತೆಯಲ್ಲಿ ಸದಲಗಾದ ಕಬ್ಬು

ನಿಮ್ಮ ಈ ಜಕ್ಕಪ್ಪ ಕಾಕಾನ ನೆನಪು ಕೆಟ್ಟಿದೆ ಎಂದು ಗ್ರೂಪಿನಲ್ಲಿ ಬರೆದ ಜಾಣರೇ, ಮೊದಲು ಬಾಯಿ ಮುಚ್ಚಿ, ಈ ವಾಯ್ಸ್ ನೋಟ್ ಪೂರ್ತಿ ಕೇಳಿ. ನಿನ್ನೆ ಊಟಕ್ಕೆ ಏನಿತ್ತು ಎಂದರೆ ತಡವರಿಸುತ್ತೇನೆ, ಒಪ್ಪಿದೆ. ನಲವತ್ತೆರಡು ವರ್ಷದ ಹಿಂದೆ ಸದಲಗಾ ಸ್ಟ್ಯಾಂಡಿನಲ್ಲಿ ಕುಸುಮ ಬಸ್ಸಿನ ಯಾವ ಕಿಟಕಿಗೆ ಕೂತಿದ್ದಳು ಎಂದು ಕೇಳಿ. ಎಡಕ್ಕೆ ಮೂರನೆಯದು. ಗಾಜು ಒಡೆದಿತ್ತು.

ಕುಸುಮ ನನ್ನ ಕ್ಲಾಸಿನವಳು. ಚೀನೀ ಸಾಹಿತ್ಯ ಓದಲು ದಿಲ್ಲಿಗೆ ಹೊರಟಿದ್ದಳು. ಹೇಳಬೇಕಾದ ಮಾತು ಬಿಟ್ಟು, ಹೊಲದಿಂದ ತಂದ ಕಬ್ಬನ್ನು ಮೊಣಕಾಲಿಗೆ ಹಾಕಿ ಮುರಿದು, ಹಸಿರೆಲೆಯಿದ್ದ ತುಂಡನ್ನು ಕಿಟಕಿಯೊಳಗೆ ತೂರಿಸಿದೆ.

"ಇದ್ಯಾಕೋ ಜಕ್ಕಪ್ಪಾ?"

"ದಾರ್ಯಾಗ ತಿನ್ನಾಕ."

ಬಸ್ಸು ತಿರುವು ದಾಟುವವರೆಗೂ ನನ್ನನ್ನೇ ನೋಡಿದಳು.

ಕಳೆದ ತಿಂಗಳು ಬಂದಿದ್ದಳು. ಈಗ ನಿವೃತ್ತ ಪ್ರೊಫೆಸರ್. ಚೀನೀ ಕವಿತೆಗಳನ್ನು ನೇರವಾಗಿ ಕನ್ನಡಕ್ಕೆ ತಂದವಳು. ಮದುವೆ ಅವಳೂ ಆಗಿಲ್ಲ, ನಾನೂ ಆಗಿಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಅವಳ ಭಾಷಣ. ಇಸ್ತ್ರಿ ಧೋತರ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ನನ್ನನ್ನು ಕಂಡವಳೇ ಕನ್ನಡಕ ಸರಿಮಾಡಿಕೊಂಡಳು. ನಗು ಮಾತ್ರ ತುಟಿಯಂಚಿನಲ್ಲಿ ಸಿಕ್ಕಿಬಿತ್ತು.

ಆಮೇಲೆ ತನ್ನದೊಂದು ಅನುವಾದ ಓದಿದಳು: "ಬೀಳ್ಕೊಡುವ ಗೆಳೆಯ ಕಬ್ಬು ಮುರಿದು ಕೊಟ್ಟ..."

ಇಡೀ ಸಭೆಯೇ ನನ್ನ ಎದೆಯೊಳಗೆ ಇಣುಕಿದಂತಾಯಿತು. ನಾಚಿಕೆ ಮುಚ್ಚಿಕೊಳ್ಳಲು ಎದ್ದುನಿಂತು ಕೂಗಿದೆ.

"ಮೇಡಮ್ಮರ, ಚೀನಾದಾಗ ಯಾರ ಹೊಲದ ಕಬ್ಬರಿ ಅದು? ಹಿಂಗ ಸುಳ್ಳ ಬರದಽ ಪ್ರೊಫೆಸರ್ ಆದ್ರೇನ?"

ಸಭೆ ಗೊಳ್ಳೆಂದಿತು. ಅವಳ ಮುಖ ಇಳಿಯಿತು.

"ಮೂಲದಾಗ ಕಬ್ಬ ಇಲ್ರಿ," ಅಂದಳು ಮೆಲ್ಲಗೆ. "ವಿಲೋ ಅಂತ ಗಿಡ, ಹೊಳಿ ದಂಡ್ಯಾಗ ಬೆಳಿತೈತಿ. ಹೊಂಟವರಿಗೆ ಅದರ ಟೊಂಗಿ ಮುರದ ಕೊಟ್ರ, ಹೋಗಬ್ಯಾಡ ಅಂದಂಗ. ನಾ ನೋಡಿದ್ದು ಕಬ್ಬ ಮುರದ ಕೊಟ್ಟಾವ್ನ ಒಬ್ಬನ್ನ. ಅದಕ್ಕ ಕಬ್ಬ ಬರದೀನಿ. ತಪ್ಪಿದ್ರ ಹೇಳ್ರಿ."

ನನ್ನನ್ನು ಮಾತ್ರ ನೋಡಿ ಕೇಳಿದಳು. ತಪ್ಪಿಲ್ಲ ಎನ್ನಬೇಕಿತ್ತು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತೆ. ಅಂಥ ಹೇಡಿ ನಾನು.

ಅವಳ ಕಾರು ಮಿರಜ ಸ್ಟೇಷನ್ನಿಗೆ ಹೊರಡುವಾಗ ಗೇಟಿಗೆ ಓಡಿದೆ. ಅಲ್ಲಿ ನಿಂತಿದ್ದ ಕಬ್ಬಿನ ಹಾಲಿನ ಗಾಡಿಯಿಂದ ಒಂದು ಕಬ್ಬು ಎಳೆದುಕೊಂಡೆ. ಮೊಣಕಾಲಿಗೆ ಹಾಕಿದರೆ ಕಬ್ಬು ಮುರಿಯಲಿಲ್ಲ, ಮೊಣಕಾಲೇ ಮುರಿಯುವಂತಾಯಿತು. ಇಡೀ ಕಬ್ಬನ್ನೇ ಕಿಟಕಿಗೆ ತೂರಿಸಿದೆ. ಅವಳು ಅದರ ತುದಿ ಹಿಡಿದಳು. ಕಣ್ಣು ಒದ್ದೆ, ಆದರೂ ಅದರಲ್ಲಿ ಹಳೇ ತುಂಟತನ.

"ಈ ಸಲಾನೂ ದಾರ್ಯಾಗ ತಿನ್ನಾಕೇನೋ?"

ಮುನ್ನೂರು ಜನರೆದುರು ಒದರಿದ ಈ ಬಾಯಿ ಏನೆಂದಿತು ಗೊತ್ತೇ? "ಹೂಂ."

"ಹಲ್ಲ ಎಲ್ಲಿ ಅದಾವೋ ನನಗ?" ಎಂದು ನಕ್ಕಳು. ಕಬ್ಬು ಕಿಟಕಿಯಿಂದ ಹೊರಚಾಚಿಕೊಂಡೇ ಕಾರು ಹೋಯಿತು.

ಅವಳ ನಂಬರು ನನ್ನಲ್ಲಿಲ್ಲ. ಕಾಲೇಜಿನವರನ್ನು ಕೇಳಲು ಮುಖವಿಲ್ಲ. ದಿನಾ ನೂರು ಗುಡ್ ಮಾರ್ನಿಂಗ್ ಫಾರ್ವರ್ಡ್ ಮಾಡುತ್ತೀರಲ್ಲ, ಇದನ್ನೂ ಮಾಡಿ. ಕೈಯಿಂದ ಕೈಗೆ ಹೋಗಿ ಎಲ್ಲೋ ಒಂದು ಕಡೆ ಅವಳಿಗೆ ಸಿಕ್ಕೀತು.

ಕುಸುಮಾ, ನಿನ್ನ ಅನುವಾದ ಖರೇ ಐತಿ. ಅದು ತಿನ್ನಾಕ ಕೊಟ್ಟಿದ್ದಲ್ಲ. ಎರಡೂ ಸಲಾನೂ ಅಲ್ಲ.