ಕರ್ನಲ್ ಬೊಳ್ಳಪ್ಪನವರ ಜೀಪು

ಜೀಪು ಇನ್ನು ಕರಣ್‌ದು ಎಂದು ಕರ್ನಲ್ ಬೊಳ್ಳಪ್ಪ ಹೇಳಿದಾಗ ಅಭಿಷೇಕ್ ಅದರ ಕೆಳಗೆ ಅಂಗಾತ ಮಲಗಿದ್ದ. ಅವನ ಮುಖ ಆಗ ಯಾರಿಗೂ ಕಾಣದೆ ಹೋದದ್ದೇ ಪುಣ್ಯ.

"ನನಗಿನ್ನು ಕ್ಲಚ್ ಒತ್ತೋಕಾಗಲ್ಲ ಅಭಿ. ಮಂಡಿ ಹೋಯ್ತು. ಅಣ್ಣನ ಮಗ ಅಲ್ವಾ, ಮನೆತನದಲ್ಲೇ ಉಳೀಲಿ."

ಕರಣ್ ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಬಾನೆಟ್ ತಟ್ಟಿ ಹೇಳಿದ: "ಅಂಕಲ್, ಪೆಹಲೇ ಇದಕ್ಕೆ ಮ್ಯಾಟ್ ಬ್ಲಾಕ್ ಹೊಡಿಸ್ತೀನಿ. ಹಿಂದೆ ದೊಡ್ಡ ಸ್ಪೀಕರ್, ಕೆಳಗೆ ನೀಲಿ ಲೈಟ್. ಮಸ್ತ್ ಲಗೇಗಾ!"

ಅಭಿಷೇಕ್ ಸ್ಪಾನರನ್ನು ಬಿಗಿಯಾಗಿ ಹಿಡಿದುಕೊಂಡ. ಸೇನೆಯ ಹರಾಜಿನಲ್ಲಿ ಬಂದ ಆ ಜೀಪು ಅವನ ಕಣ್ಣಿಗೆ ಬಿದ್ದಾಗ ಮುಟ್ಟಿದಲ್ಲೆಲ್ಲ ತುಕ್ಕು ಉದುರುತ್ತಿತ್ತು. ಮೈಸೂರು ಬಿಟ್ಟು ನೋಯ್ಡಾದ ಆಫೀಸಿಗೆ ಬಂದವನು, ಕರ್ನಲ್ಲರ ಕಾಲೊನಿಯಲ್ಲೇ ಮಹಡಿಯ ಮನೆ ಹಿಡಿದು, ತನ್ನ ಭಾನುವಾರಗಳನ್ನೆಲ್ಲ ಅದರಡಿ ಕಳೆದಿದ್ದ. ಕಾರ್ಬುರೇಟರಿಗಾಗಿ ಕರೋಲ್ ಬಾಗ್‌ನ ಗಲ್ಲಿಗಳನ್ನು ಸುತ್ತಿದ್ದ. ಹೆಣ್ಣು ನೋಡಲು ಕರೋಲ್ ಬಾಗ್‌ಗೇ ಹೋದ ದಿನ ಉಗುರಿನ ಗ್ರೀಸ್ ನೋಡಿ ಹುಡುಗಿಯ ತಾಯಿ, "ಮೆಕ್ಯಾನಿಕ್ ಅಂತ ಮೊದಲೇ ಹೇಳ್ಬಾರ್ದಿತ್ತಾ?" ಎಂದಿದ್ದರು. ಆ ಸಂಬಂಧ ಅಲ್ಲಿಗೇ ಮುಗಿದಿತ್ತು. ದುಡಿದವನಿಗೆ ಹಕ್ಕು ತಾನಾಗಿಯೇ ಬಂದುಬಿಟ್ಟಿತೆಂದು ಅನ್ನಿಸುವುದುಂಟು. ಕಳ್ಳತನ ಶುರುವಾಗುವುದು ಅಲ್ಲಿಂದಲೇ.

ನಿದ್ದೆ ಬಾರದಾಯಿತು. ಮೀಟಿಂಗಿನಲ್ಲಿ ಕೂತರೂ ಬೆರಳುಗಳು ಮೇಜಿನ ಮೇಲೆ ಗೇರು ಬದಲಿಸುತ್ತಿದ್ದವು. ಹಾಗೆ ಚಡಪಡಿಸುತ್ತಲೇ ಅವನು ಉಪಾಯ ಹೆಣೆದ.

ಕಳುವಾದ ಗಾಡಿಯನ್ನು ಜನ ದೂರದಲ್ಲಿ ಹುಡುಕುತ್ತಾರೆ, ಮೀರತ್ತಿನಲ್ಲಿ, ಹರಿಯಾಣದಲ್ಲಿ. ಆದ್ದರಿಂದ ಜೀಪು ದೂರ ಹೋಗಬಾರದು. ಬೀದಿಯ ಕೊನೆಯಲ್ಲಿ ತಿರುಗಿದರೆ ವಿಜಯಮ್ಮನವರ ಮನೆ. ಅವರು ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದರು, ಸದ್ಯಕ್ಕೆ ಬರುವವರಲ್ಲ. ಗಿಡಗಳಿಗೆ ನೀರು ಹಾಕಲೆಂದು ಕೀಲಿ ಅವನಿಗೇ ಕೊಟ್ಟಿದ್ದರು, ಶೆಡ್ಡಿನ ಕೀಲಿಯೂ ಅದೇ ಗೊಂಚಲಿನಲ್ಲಿತ್ತು. ಕಾಲೊನಿಯ ಹಿಂದಿನ ಗೇಟಿನ ಕ್ಯಾಮೆರಾ ಕೆಟ್ಟು ಕೂತಿತ್ತು. ಯಾರದೋ ಮನೆ ಕಟ್ಟುವ ಮರಳು ಲಾರಿಗಳು ದಿನವಿಡೀ ಅಲ್ಲಿ ಓಡಾಡುತ್ತಿದ್ದವು. ಕರ್ನಲ್ಲರ ಶೆಡ್ಡಿನ ಬೀಗ ಒಡೆದು ಆ ಗೇಟಿನ ಬಳಿ ಬಿಸಾಡಿದರೆ ಉಳಿದ ಕತೆಯನ್ನು ಪೊಲೀಸರೇ ಬರೆದುಕೊಳ್ಳುತ್ತಾರೆ. ಗಲಾಟೆ ತಣ್ಣಗಾದ ಮೇಲೆ ಎಂಜಿನ್ನು, ಗೇರ್‌ಬಾಕ್ಸು, ಗಾಜು, ದೀಪ ಎಲ್ಲ ಬಿಡಿಬಿಡಿಯಾಗಿ ಅವನ ಕಾರಿನಲ್ಲಿ ಹೊರಡುತ್ತವೆ. ಗುರುಗ್ರಾಮದಾಚೆ ಅವನು ಕಾಗದಪತ್ರದ ಸಮೇತ ಕೊಂಡಿಟ್ಟ ಅದೇ ಮಾದರಿಯ ಹಾಳು ಜೀಪಿನಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಉಳಿದ ತಗಡು ಗುಜರಿಗೆ.

ಆರಿಸಿದ್ದು ಕೈಲ್‌ಪೊಳ್ದ್ ದಿನ. ಕೊಡವರ ಆಯುಧದ ಹಬ್ಬ. ಬೆಳಿಗ್ಗೆ ಕರ್ನಲ್ಲರು ಕೋವಿಗೂ ಜೀಪಿಗೂ ಗಂಧ ಹಚ್ಚಿ, ಹೂವಿಟ್ಟು, ಮಂಡಿನೋವು ಮರೆತು ಕಾಲೊನಿಯ ಮೇಲಿನ ಬೀದಿಗಳಲ್ಲಿ ಒಂದು ಸುತ್ತು ಓಡಿಸಿದರು. ಹಳೆಯ ಗಾಡಿಗಳಿಗೆ ಇಲ್ಲಿ ನಿಷೇಧ, ಆಚೆ ರಸ್ತೆಗಿಳಿಸಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆಂಬ ಭಯ. ಆಮೇಲೆ ಕಂಟೋನ್ಮೆಂಟಿನ ನೆಂಟರ ಮನೆ ಊಟಕ್ಕೆ ಎಲ್ಲರೂ ಟ್ಯಾಕ್ಸಿ ಹತ್ತಿದರು.

"ನೀನೂ ಬಾರೋ ಅಭಿ, ಪಂದಿಕರಿ ಇದೆ," ಎಂದು ಕರ್ನಲ್ಲರ ಹೆಂಡತಿ ಬೋಜಮ್ಮ ಕರೆದರು.

"ಆಫೀಸ್ ಕಾಲ್ ಇದೆ ಆಂಟಿ."

"ಹಬ್ಬದ ದಿನಾನೂ ಕಾಲಾ? ತಾಳಿ ಕಟ್ಟುವಾಗ್ಲೂ ಒಂದು ಕೈ ಲ್ಯಾಪ್‌ಟಾಪಲ್ಲೇ ಇರುತ್ತೆ ನಿಂದು!"

ಕಾಲ್ ನಿಜವಾಗಿಯೂ ಇತ್ತು. ಅದೇ ಅವನ ಸಾಕ್ಷಿ. ಟ್ಯಾಕ್ಸಿ ಮರೆಯಾಗುತ್ತಲೇ ಫೋನಿನಲ್ಲಿ ಕಾಲ್ ಸೇರಿ, ತನ್ನ ಕ್ಯಾಮೆರಾ ಆರಿಸಿ, ಇಯರ್‌ಫೋನ್ ಕಿವಿಗಿಟ್ಟು, ಕೈಗವಸು ಹಾಕಿ ಅವನು ಕೆಲಸಕ್ಕಿಳಿದ. ಎಂಜಿನ್ ಚಾಲೂ ಮಾಡಲಿಲ್ಲ. ಆ ಸದ್ದು ಕಾಲೊನಿಯ ಮಕ್ಕಳಿಗೂ ಗೊತ್ತು. ಮಳೆನೀರು ಹರಿಯಲೆಂದು ಬೀದಿಗೆ ಕೊಟ್ಟ ಇಳಿಜಾರೇ ಸಾಕಿತ್ತು. ಚಕ್ರದ ಬೇರಿಂಗುಗಳನ್ನು ಅವನೇ ಹಾಕಿದ್ದ. ಒಂದು ಕೈ ಸ್ಟೇರಿಂಗಿನ ಮೇಲಿಟ್ಟು, ಭುಜ ಕೊಟ್ಟು ತಳ್ಳಿದರೆ ಜೀಪು ಸಾಕಿದ ಹಸುವಿನಂತೆ ಜೊತೆಗೆ ಬಂತು. ಮಧ್ಯಾಹ್ನದ ಸೆಕೆ, ಎಲ್ಲ ಮನೆಗಳ ಕಿಟಕಿ ಮುಚ್ಚಿ ಎಸಿ ಗುಂಯ್‌ಗುಡುತ್ತಿದ್ದವು. ತಿರುವಿನಲ್ಲಿ ಕಿವಿಯೊಳಗೆ ಮ್ಯಾನೇಜರ್ ಅದಿತಿ, "ಅಭಿಷೇಕ್, ಎನಿ ರಿಸ್ಕ್?" ಎಂದು ಕೇಳಿದಳು.

"ನೋ ರಿಸ್ಕ್," ಎಂದ ಅವನು, ಹ್ಯಾಂಡ್‌ಬ್ರೇಕ್ ಎಳೆಯುತ್ತಾ.

ಜೀಪು ವಿಜಯಮ್ಮನವರ ಶೆಡ್ಡು ಸೇರಿ ಷಟರ್ ಇಳಿಯಿತು. ಒಡೆದ ಬೀಗ ಹಿಂದಿನ ಗೇಟು ಸೇರಿತು. ಮನೆಗೆ ಬಂದು ಕ್ಯಾಮೆರಾ ಹಚ್ಚಿದಾಗ ಅದಿತಿ ಇನ್ನೂ ಮಾತಾಡುತ್ತಿದ್ದಳು.

ಸಂಜೆ ಕರ್ನಲ್ಲರು ಮೊದಲು ಫೋನ್ ಮಾಡಿದ್ದು ಅವನಿಗೇ. "ಅಭಿ, ಜೀಪಿಲ್ಲ ಕಣೋ," ಎಂದರು. ಇಷ್ಟೇ. ಎಂದೂ ನಡುಗದ ದನಿ ನಡುಗಿತು. ಪೊಲೀಸರನ್ನು ಕರೆಸಿದವನೂ ಅವನೇ. ಬಂದ ಹವಾಲ್ದಾರ ಹಿಂದಿನ ಗೇಟಿನ ಬಳಿ ಸಿಕ್ಕ ಒಡೆದ ಬೀಗವನ್ನು ಕಾಲಿಂದ ಹೊರಳಿಸಿ, "ಲಾರಿಗೆ ಹಾಕ್ಕೊಂಡು ಹೋಗಿದಾರೆ, ಸಾಬ್. ಇಷ್ಟೊತ್ತಿಗೆ ಯಾವ್ದೋ ಗುಜರಿ ಸೇರಿರುತ್ತೆ," ಎಂದು ಹಿಂದಿಯಲ್ಲಿ ಹೇಳಿ, ಬರೆದುಕೊಳ್ಳತೊಡಗಿದ. ಎಲ್ಲವೂ ಅಂದುಕೊಂಡಂತೆಯೇ. ಅಷ್ಟರಲ್ಲಿ ತುಂತುರು ಮಳೆ ಶುರುವಾಯಿತು. ಬೀದಿಯ ಧೂಳಿನಲ್ಲಿ ಟೈರಿನ ಗುರುತು ಇದ್ದರೂ ತೊಳೆದುಹೋಯಿತೆಂದು ಅಭಿಷೇಕ್‌ಗೆ ಆ ದಿನ ಮೊದಲ ಸಲ ಮೈ ಹಗುರಾಯಿತು. ಒಳಗಿನಿಂದ ಕೊಡೆ ತಂದು ಕರ್ನಲ್ಲರ ತಲೆಯ ಮೇಲೆ ಹಿಡಿದು ನಿಂತ.

"ಅಂಕಲ್, ಯೇ ದೇಖೋ," ಎಂದ ಕರಣ್, ಬೀದಿಯಲ್ಲಿ ಬಗ್ಗಿ. ಒದ್ದೆ ಸಿಮೆಂಟಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪುಟ್ಟದೊಂದು ವೃತ್ತ ಅರಳಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಹಳೆಯ ಕಲೆಗಳು ಎಂದೋ ಒಣಗಿ ಕಪ್ಪಾಗಿದ್ದವು, ಮಳೆಗೆ ಬಣ್ಣ ಬಿಡುವುದು ಅಂದಂದಿನ ಎಣ್ಣೆ ಮಾತ್ರ. ಬೆಳಗಿನ ಸುತ್ತಿಗೆ ಬಿಸಿಯಾಗಿ ತೆಳುವಾದ ಎಣ್ಣೆ ಗೇರ್‌ಬಾಕ್ಸಿನಿಂದ ತೊಟ್ಟಿಕ್ಕುತ್ತಲೇ ಇತ್ತು. ಹಳೆಯ ಜೀಪೆಂದರೆ ಎಣ್ಣೆ ಸೋರಲೇಬೇಕು. ಅದು ಅಭಿಷೇಕ್‌ಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಗೇಟಿನ ಕ್ಯಾಮೆರಾದಿಂದ ಹಿಡಿದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡವನಿಗೆ ಇದೊಂದು ನೆನಪಿಗೇ ಬಂದಿರಲಿಲ್ಲ. ಬಣ್ಣದ ವೃತ್ತಗಳು ಹಿಂದಿನ ಗೇಟಿನ ಕಡೆ ಹೋಗದೆ, ಬೆಳಿಗ್ಗೆ ಜೀಪು ಸುಳಿಯದೇ ಇದ್ದ ಇಳಿಜಾರು ಹಿಡಿದು, ಬೀದಿಯ ಕೊನೆಯಲ್ಲಿ ವಿಜಯಮ್ಮನವರ ಮನೆಯತ್ತ ತಿರುಗಿದವು. ಕರ್ನಲ್ಲರು ಅವುಗಳ ಹಿಂದೆ ಕುಂಟುತ್ತಾ ಹೊರಟರು. ಅವರು ನೆನೆಯದಂತೆ ಕೊಡೆ ಹಿಡಿದು ಅಭಿಷೇಕ್ ಕೂಡ ಜೊತೆಗೇ ಹೆಜ್ಜೆ ಹಾಕಬೇಕಾಯಿತು.