ಎಣ್ಣೆ ಹಿಡಿಯದ ಹೂಜಿ

ಅರಿಸ್ತಿದಿಸ್ ವೆಲ್ಲೋಸನಿಗೆ ಹೇಳಿಕೊಳ್ಳಲು ಒಬ್ಬ ಅಜ್ಜ ಇರಲಿಲ್ಲ. ಎರೆಟ್ರಿಯಾ ಪಟ್ಟಣದಲ್ಲಿ ಎರಡು ಎಣ್ಣೆ ಗಾಣಗಳಿದ್ದವು, ಕಡಲಿಗೆ ಮುಖ ಮಾಡಿದ ಮನೆಯಿತ್ತು, ಮಗಳಿಗೆ ಹಡಗಿನ ಕಪ್ತಾನರ ಮನೆತನದಲ್ಲಿ ಸಂಬಂಧ ಕುದುರಿತ್ತು. ಅಜ್ಜ ಮಾತ್ರ ಇರಲಿಲ್ಲ.

ನವೆಂಬರ್ ಹದಿನಾಲ್ಕು, ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಅವನು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಸ್ತಮಾತಿಯಾ ಗಿಕಾಳ ಮೇಜಿನ ಮೇಲೆ ರಟ್ಟಿನ ಡಬ್ಬವೊಂದನ್ನು ಕುಕ್ಕಿದ. ಒಳಗೆ ಬಿಳಿ ಬಳಿದ ಮಡಕೆಯ ಚೂರುಗಳು.

“ಮೋಸ ಆಗಿದೆ ಮೇಡಂ. ಬರ್ಕೊಳ್ಳಿ.”

“ಯಾರಿಂದ?”

“ನೆಲ ಅಗೆಯೋ ಯಂತ್ರ ಓಡಿಸ್ತಾನಲ್ಲ, ಥಾನಾಸಿಸ್. ಪುರಾತನ ಕಾಲದ ಎಣ್ಣೆ ಹೂಜಿ ಅಂತ ನಕಲಿ ಮಾಲು ಮಾರ್ದ.”

“ಪುರಾತನದ್ದು ಕೊಳ್ಳೋದು ಅಪರಾಧ, ಗೊತ್ತಾ?”

“ನಕಲಿ ಕೊಂಡ್ರೆ ಅಪರಾಧ ಅಲ್ವಲ್ಲ!” ವೆಲ್ಲೋಸ್ ಕಾಲ ಮೇಲೆ ಕಾಲು ಹಾಕಿದ.

ಕಾನ್‌ಸ್ಟೇಬಲ್ ಲೂಕಾಸ್ ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಂಡ.

“ನಕಲಿ ಅಂತ ಹೇಗೆ ಗೊತ್ತಾಯ್ತು?” ಎಂದಳು ಗಿಕಾ.

“ನಿನ್ನೆ ನಿಶ್ಚಿತಾರ್ಥದ ಊಟ. ಇದು ನಮ್ಮಜ್ಜನ ಅಜ್ಜನ ಕಾಲದ್ದು, ನಾವು ತಲೆತಲಾಂತರದಿಂದ ಎಣ್ಣೆಯೋರು ಅಂದೆ. ಎಲ್ರ ಎದುರಿಗೇ ಹೊಸ ಎಣ್ಣೆ ಹೊಯ್ದೆ. ಮೊಳದುದ್ದದ ಹೂಜಿ ಮೇಡಂ! ಒಂದು ಬಟ್ಟಲು ಹಾಕೋಷ್ಟ್ರಲ್ಲಿ ಉಕ್ಕಿ ಬೀಗಿತ್ತಿ ರೇಷ್ಮೆ ಮೇಲೆಲ್ಲ ಹರೀತು.”

“ಬೀಗರು ಏನಂದ್ರು?”

ವೆಲ್ಲೋಸನ ಕಿವಿ ಕೆಂಪಾಯಿತು. “‘ನಿಮ್ಮಜ್ಜ ಎಣ್ಣೆ ಅಳೀತಿದ್ದ ಪಾತ್ರೆನಾ ಇದು?’ ಅಂದ್ರು. ಎಲ್ರೂ ನಕ್ರು. ಅಲ್ಲೇ ನೆಲಕ್ಕೆ ಅಪ್ಪಳಿಸ್ದೆ. ನೋಡಿದ್ರೆ ಒಳಗಡೆ, ಕತ್ತಿನ ಕೆಳಗೆ ಪುಟ್ಟ ಲೋಟ ಅಂಟಿಸಿದಾನೆ, ಕಳ್ಳ.”

ಹತ್ತು ಐದಕ್ಕೆ ಎಫ್‌ಐಆರ್ ಆಯಿತು. ಪಂಚರ ಎದುರು ಚೂರುಗಳನ್ನೆಣಿಸಿ ಪಂಚನಾಮೆ ಬರೆದರು. ಹನ್ನೊಂದೂವರೆಗೆ ವಸ್ತುಸಂಗ್ರಹಾಲಯದ ತಜ್ಞೆ ಎವ್ಗೆನಿಯಾ ಬಂದಳು. ಒಳಗಿನ ಲೋಟವನ್ನು ಭೂತಗನ್ನಡಿಯಲ್ಲಿ ನೋಡಿ ಹತ್ತಿಯ ಮೇಲಿಟ್ಟಳು.

“ಗೋರಿಯಲ್ಲಿಡೋ ಹೂಜಿ ಇದು. ಎರಡು ಸಾವಿರದ ನಾನೂರು ವರ್ಷದ್ದು. ಈ ಲೋಟ ಕುಂಬಾರನೇ ಇಟ್ಟಿದ್ದು. ನೋಡೋರ ಕಣ್ಣಿಗೆ ಹೂಜಿ ತುಂಬ ಎಣ್ಣೆ, ಸತ್ತೋನಿಗೆ ಒಂದೇ ಗುಟುಕು.”

“ಆವಾಗ್ಲೂ ಇದ್ರಾ ಇಂಥವ್ರು?” ಎಂದಳು ಗಿಕಾ.

ಒಂದು ಗಂಟೆಗೆ ಲೂಕಾಸ್ ಥಾನಾಸಿಸನನ್ನು ಹಿಡಿದು ತಂದ. ಅವನು ಕಳ್ಳತನಕ್ಕೆ ನಾಚಲಿಲ್ಲ, ದೂರಿಗೆ ಸಿಟ್ಟಾದ. “ಅಸಲಿ ಮಾಲೇ ಕೊಟ್ಟಿದೀನಿ! ಊರಲ್ಲಿ ನನ್ನ ಹೆಸರು ಯಾಕೆ ಕೆಡಿಸ್ತಾನೆ ಆ ದಂಡಪಿಂಡ? ಬನ್ನಿ, ಗೋರಿ ತೋರಿಸ್ತೀನಿ.” ತೋರಿಸಿದ. ಹೊಸ ಹೋಟೆಲಿನ ಪಾಯದ ಪಕ್ಕದಲ್ಲಿ ಗುಂಡಿ ಬಾಯಿ ತೆರೆದಿತ್ತು. ಬಿಳಿ ಬಳಿದ ಇನ್ನೊಂದು ಚೂರು ಅಲ್ಲೇ ಬಿದ್ದಿತ್ತು. ಠಾಣೆಗೆ ತಂದಿಟ್ಟು ನೋಡಿದರೆ ಹೂಜಿಯ ಬಾಯಂಚಿನ ಚೂರಿಗೆ ಅದು ಸರಿಯಾಗಿ ಕೂತಿತು.

ನಾಲ್ಕು ಗಂಟೆಗೆ ಗಿಕಾ ವೆಲ್ಲೋಸನ ಬಾಗಿಲು ತಟ್ಟಿದಳು.

“ಹೂಜಿ ಅಸಲಿ. ಆದ್ರಿಂದ ನೀವು ಬಂಧನದಲ್ಲಿದೀರಿ.”

ವೆಲ್ಲೋಸನ ಮುಖ ಬಿಳಿಚಿಕೊಂಡಿತು. ಆಮೇಲೆ ನಿಧಾನವಾಗಿ ಅರಳಿತು.

“ಅಸಲಿ ಅಂತ ಬರೆದು ಮೊಹರು ಹಾಕಿ ಕೊಡ್ತೀರಾ ಮೇಡಂ? ಬೀಗರಿಗೆ ತೋರಿಸ್ಬೇಕು.”

“ಕೈ ಮುಂದೆ ಚಾಚ್ರೀ,” ಎಂದಳು ಗಿಕಾ.

ಅವನಿಗೆ ದುಡ್ಡಿನಾಸೆ ಇರಲಿಲ್ಲ. ಹೂಜಿಯನ್ನು ಮಾರುವ ಯೋಚನೆಯೂ ಇರಲಿಲ್ಲ. ಒಂದು ಮಧ್ಯಾಹ್ನದ ಊಟ ಮುಗಿಯುವವರೆಗೆ ಹಳೆ ಮನೆತನದವನಾಗಿ ಕೂರಬೇಕಿತ್ತು, ಅಷ್ಟೆ.

ಎವ್ಗೆನಿಯಾ ಮೂವತ್ತೆರಡು ಚೂರುಗಳನ್ನು ಜೋಡಿಸಿದಳು. ಉಳಿದದ್ದನ್ನು ವೆಲ್ಲೋಸನ ಮನೆಯ ಆಳುಗಳು ಗುಡಿಸಿ ಎಸೆದಿದ್ದರು. ಹೂಜಿಯ ಮೇಲೆ ಬೀಳ್ಕೊಡುವ ಇಬ್ಬರ ಚಿತ್ರವಿತ್ತು. ಹೆಂಗಸಿನ ತಲೆ ಇಲ್ಲ. ಗಂಡಸಿನ ಎರಡೂ ಕೈಗಳಿಲ್ಲ.