ಕಿಟಕಿಯಿಲ್ಲದ ಹಡಗು

"ಈ ಗೋಡೆಗೆ ತೂತು ಹೊಡೆದಿದ್ದು ಯಾರು?"

ಹೇಮಶ್ರೀಯ ದನಿ ಖಾಲಿ ಹಾಲ್‌ನಲ್ಲಿ ಸುತ್ತು ಹೊಡೆದು ಅವಳ ಕಿವಿಗೇ ಮರಳಿತು. ಭದ್ರಾವತಿಯಲ್ಲಿ ಪುಟ್ಟಣ್ಣನವರು ಕಟ್ಟಿಸುತ್ತಿದ್ದ ಹೋಟೆಲಿನ ಮೇಲಿನ ಮಹಡಿ ಅದು. ಅದನ್ನು ಹಳೆಯ ಕಾಲದ ಐಷಾರಾಮಿ ಹಡಗಿನ ಊಟದ ಹಾಲ್‌ನಂತೆ ಮಾಡಿಕೊಡುವ ಕೆಲಸ ಅವಳದು. ಅವಳು ನಕ್ಷೆಯಲ್ಲಿ ಬರೆದಿದ್ದು ಕಿಟಕಿಯೇ ಇಲ್ಲದ ಗೋಡೆ, ಗಾಜಿನ ಕಂಬಗಳ ಒಳಗಿನಿಂದ ಸೋಸಿ ಬರುವ ಬೆಳಕು. ಇವತ್ತು ನೋಡಿದರೆ ಗೋಡೆಯ ನಟ್ಟನಡುವೆ ದುಂಡನೆಯ ಕಂಡಿ, ಅದರೊಳಗಿಂದ ಏಪ್ರಿಲ್ ಬಿಸಿಲು.

ಏಣಿಯ ಮೇಲಿದ್ದವನು ನಿಧಾನಕ್ಕೆ ಇಳಿದು ಬಂದ. ದೇವರಾಜ್, ಮರಗೆಲಸದ ಉಸ್ತುವಾರಿ ಅವನದು. ವರ್ಷಗಟ್ಟಲೆ ಕ್ರೂಸ್ ಹಡಗುಗಳಲ್ಲಿ ಒಳಾಂಗಣದ ರಿಪೇರಿ ಮಾಡಿ ರಜೆಗೆ ಊರಿಗೆ ಬಂದವನನ್ನು ಪುಟ್ಟಣ್ಣ ಬಿಡದೆ ಹಿಡಿದು ತಂದಿದ್ದರು.

"ನಾನೇ ಮೇಡಂ."

"ಡ್ರಾಯಿಂಗ್‌ನಲ್ಲಿ ಇತ್ತಾ?"

"ಇರ್ಲಿಲ್ಲ. ಅದಕ್ಕೇ ಹೊಡೆದೆ."

ಅವನ ರೆಪ್ಪೆಯ ಮೇಲೆ ಮರದ ಪುಡಿ ಕೂತಿತ್ತು. ಅದನ್ನು ಗಮನಿಸಿದ್ದಕ್ಕೆ ಹೇಮಶ್ರೀಗೆ ತನ್ನ ಮೇಲೇ ಸಿಟ್ಟು ಬಂತು.

"ರೀ, ನಾರ್ಮಂಡಿ ಅಂತ ಫ್ರೆಂಚರ ಹಡಗು ಇತ್ತು. ಅದರ ಊಟದ ಹಾಲ್‌ಗೆ ಹೊರಗಿನ ಬೆಳಕೇ ಬರ್ತಿರ್ಲಿಲ್ಲ. ಸಮುದ್ರದ ಮೇಲಿದೀವಿ ಅನ್ನೋದನ್ನ ಮರೆಸೋದೇ ಅದರ ಚೆಂದ."

"ಸಮುದ್ರ ಮರೆತು ಊಟ ಮಾಡಿದೋರು ಮೇಲಿನೋರು. ಕೆಳಗಿದ್ದೋರನ್ನ ಯಾವತ್ತಾದ್ರೂ ಕೇಳಿದೀರಾ?"

"ಸಂಜೆಯೊಳಗೆ ಮುಚ್ಚಿಸಿ."

"ಮುಚ್ಚಲ್ಲ."

ಅಷ್ಟೇ ಹೇಳಿ ಮತ್ತೆ ಏಣಿ ಹತ್ತಿದ. ಶಿವಮೊಗ್ಗದ ಬಸ್ಸಿನಲ್ಲಿ ಕೂತ ಹೇಮಶ್ರೀ, ಗಾಂಧಿ ಬಜಾರಿನ ತನ್ನ ಪುಟ್ಟ ಆಫೀಸು ಮುಟ್ಟುವವರೆಗೂ ಅವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದಳು. ಬೈಗುಳದ ನಡುವೆ ಆ ರೆಪ್ಪೆ ಮಾತ್ರ ಬಂದು ಬಂದು ನಿಲ್ಲುತ್ತಿತ್ತು.

ಕಂಡಿ ಮುಚ್ಚಲಿಲ್ಲ. ಜಗಳವೂ ನಿಲ್ಲಲಿಲ್ಲ. ಹಿತ್ತಾಳೆ ಕಂಬಿಯ ದಪ್ಪಕ್ಕೆ, ಮೆಟ್ಟಿಲಿನ ತಿರುವಿಗೆ, ತೇಗದ ಬಣ್ಣಕ್ಕೆ, ಎಲ್ಲದಕ್ಕೂ ಜಗಳ. ಒಂದು ದಿನ ಜಗಳಕ್ಕೆ ಏನೂ ಸಿಗದೇ ಇಬ್ಬರೂ ಪೆಚ್ಚಾಗಿ ಟೀ ಕುಡಿದರು.

"ನಿಜ ಹೇಳಿ, ನೀವು ಹಡಗು ಹತ್ತೇ ಇಲ್ವಾ?" ದೇವರಾಜ್ ಕೇಳಿದ.

"ಮುರುಡೇಶ್ವರದಲ್ಲಿ ದೋಣಿ ಹತ್ತಿದೀನಿ. ವಾಂತಿನೂ ಮಾಡಿದೀನಿ."

ಅವನು ನಕ್ಕ. ಅವನು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು. "ಆದ್ರೂ ಅಷ್ಟೆಲ್ಲ ಗೊತ್ತು ನಿಮಗೆ!"

"ಕಾಲೇಜಲ್ಲಿ ಓದಿದ್ದು ಹಡಗಿನ ಒಳಾಂಗಣದ ಚರಿತ್ರೆನೇ ಅಲ್ವಾ? ನಿಮಗೆ ಹಡಗು ಗೊತ್ತು. ನನಗೆ ಅದರ ಅಜ್ಜ, ಮುತ್ತಜ್ಜ ಗೊತ್ತು."

ಅವನ ನೋಟ ಅವಳ ಮುಖದ ಮೇಲೆ ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತಿತು. ಹೇಮಶ್ರೀ ಲೋಟದಲ್ಲಿ ಇಲ್ಲದ ಟೀ ಕುಡಿದಳು.

ಗಾಜಿನ ಹಲಗೆಗಳು ಬಂದ ಮಧ್ಯಾಹ್ನ ಅದು ನಡೆಯಿತು. ಸಾಮಾನು ಸಾಗಿಸುವ ಲಿಫ್ಟ್‌ನಲ್ಲಿ ಅವನ್ನು ಮೇಲಕ್ಕೆ ಒಯ್ಯಬೇಕು, ಅಲುಗದ ಹಾಗೆ ಹಿಡಿಯಲು ಇಬ್ಬರು ಬೇಕು. ದೇವರಾಜ್ ಬಾಗಿಲಲ್ಲೇ ನಿಂತ.

"ಮೆಟ್ಟಿಲಲ್ಲೇ ಒಂದೊಂದಾಗಿ ತರ್ತೀನಿ."

"ತಿರುವಿನಲ್ಲಿ ಒಡೆದ್ರೆ? ಅಯ್ಯೋ ಮಾರಾಯ್ರೇ, ಸಮುದ್ರ ದಾಟಿದೋರಿಗೆ ಲಿಫ್ಟ್ ಭಯವಾ?"

ಅವನ ಮುಖ ಕಪ್ಪಿಟ್ಟಿತು. ಹಲಗೆಗಳ ಇನ್ನೊಂದು ತುದಿ ಹಿಡಿದು ಒಳಗೆ ಬಂದ. ಲಿಫ್ಟ್ ಅರ್ಧಕ್ಕೆ ಏರಿತ್ತಷ್ಟೇ, ಕರೆಂಟು ಹೋಯಿತು.

ಕತ್ತಲೆ. ಹೇಮಶ್ರೀ ಮೊಬೈಲಿನ ಟಾರ್ಚ್ ಹಾಕಿ, "ಪುಟ್ಟಣ್ಣಾ!" ಎಂದು ಕೂಗಿದಳು. ದೂರದಿಂದ, "ಜನರೇಟರ್ ಶುರುವಾಗ್ತಿಲ್ಲ ಕಣಮ್ಮಾ, ಕೈಯಲ್ಲೇ ಇಳಿಸ್ತೀವಿ, ತಡ್ಕೊಳ್ಳಿ!" ಎಂಬ ಉತ್ತರ ಬಂತು. ಆಮೇಲೆ ಅವಳಿಗೆ ಆ ಉಸಿರು ಕೇಳಿಸಿತು. ಹರಿದ ಬಟ್ಟೆಯನ್ನು ಮತ್ತೆ ಮತ್ತೆ ಹರಿದಂತಹ ಉಸಿರು.

ದೇವರಾಜ್ ಮೂಲೆಯಲ್ಲಿ ಕುಸಿದು ಕೂತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು. ತಗಡಿನ ಗೋಡೆಯನ್ನು ಅಂಗೈಯಿಂದ ದೂಡುತ್ತಿದ್ದ, ದೂಡಿದರೆ ಸರಿದೀತು ಎಂಬಂತೆ.

"ದೇವರಾಜ್! ಏನಾಯ್ತು?"

"ಕಿಟಕಿ... ಕಿಟಕಿ ಇಲ್ಲ..."

ತಾನು ಆಡಿದ ಕುಚೋದ್ಯದ ಮಾತು ಅವಳ ಎದೆಗೇ ಮೊಳೆಯಂತೆ ಹೊಕ್ಕಿತು. ಏನು ಮಾಡಬೇಕೋ ತಿಳಿಯಲಿಲ್ಲ. ಎದುರಿಗೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. ಹಿಮದಷ್ಟು ತಣ್ಣಗಿದ್ದವು.

"ನನ್ನ ನೋಡಿ. ನಾನು ಹೇಳೋದು ಕೇಳಿ, ಸಾಕು. ಮೊದಮೊದಲು ಹಡಗಲ್ಲಿ ಬಡವರನ್ನ ಕೆಳಗಿನ ಕತ್ತಲಿಗೆ ತುಂಬೋರು. ಹಾಸಿಗೆ, ತಟ್ಟೆ ಅವರೇ ತರಬೇಕಿತ್ತು. ಅಲೆ ಜೋರಾದ್ರೆ ಮೇಲಿನ ಮುಚ್ಚಳ ಹಾಕಿಬಿಡೋರು."

ಅವನು ಕಣ್ಣು ಬಿಗಿಯಾಗಿ ಮುಚ್ಚಿದ. ಕಥೆ ತಪ್ಪಾಯಿತೆಂದು ಅವಳಿಗೆ ಹೊಳೆಯಿತು, ಬೇಗ ಬೇಗ ಮುಂದೆ ಸಾಗಿದಳು.

"ಆಮೇಲೆ ಮುಚ್ಚಳ ತೆಗೆದ್ರು ಕಣ್ರೀ! ಅರಮನೆ ಕಟ್ಟೋರನ್ನೇ ಕರೆಸಿ ಹಡಗಿನೊಳಗೆ ಅರಮನೆ ಕಟ್ಟಿಸಿದ್ರು. ದೊಡ್ಡ ಮೆಟ್ಟಿಲು, ಮೇಲೆ ಗಾಜಿನ ಗುಮ್ಮಟ. ಗುಮ್ಮಟದಿಂದ ಬೆಳಕು. ಕಾಣ್ತಿದೆಯಾ?"

ಉಸಿರು ಇನ್ನೂ ಬಟ್ಟೆ ಹರಿದಂತೆಯೇ ಇತ್ತು.

"ಬೆಂಕಿ ಅನಾಹುತಗಳಾದ ಮೇಲೆ ಮರ ಬಿಟ್ಟರು, ಲೋಹ ಬಂತು. ವಿಮಾನ ಬಂದ ಮೇಲೆ ದಾಟೋಕೆ ಹಡಗು ಬೇಡ ಅಂದ್ರು ಜನ. ಆಗ ಹಡಗು ಸಮುದ್ರ ನೋಡೋಕೆ ಅಂತ್ಲೇ ಹೊರಟಿತು. ರೂಮಿಗೊಂದು ಬಾಲ್ಕನಿ ಬಂತು. ಆಮೇಲೆ ಹಡಗನ್ನೇ ನಡುವೆ ಸೀಳಿ ಒಳಗೆ ಪಾರ್ಕ್ ಮಾಡಿದ್ರು. ಆಕಾಶದ ಕೆಳಗೆ, ನಿಜವಾದ ಗಿಡಗಳು..."

"ನೋಡಿದೀನಿ," ಎಂದ ಅವನು, ಎಷ್ಟೋ ಹೊತ್ತಿನ ಮೇಲೆ. "ಆ ಪಾರ್ಕಿನ ಬೆಂಚು ರಿಪೇರಿ ಮಾಡಿದೀನಿ."

"ಯಾವ ಬಣ್ಣ ಬೆಂಚು?"

"ಜೇನಿನ ಬಣ್ಣ."

"ಮಳೆ ಬಂದ್ರೆ?"

"ನೆನೆಯುತ್ತೆ." ಅವನ ಬೆರಳುಗಳು ಅವಳ ಬೆರಳನ್ನು ಹಿಡಿದವು. ಉಸಿರು ತಗ್ಗಿತು. ತಗ್ಗಿದ ದನಿಯಲ್ಲೇ ಹೇಳಿದ: "ಕೊರೊನಾದಲ್ಲಿ ಪ್ಯಾಸೆಂಜರ್‌ಗಳೆಲ್ಲ ಇಳಿದ್ರು, ನಮ್ಮನ್ನ ಇಳಿಸ್ಲಿಲ್ಲ. ನೀರಿಗಿಂತ ಕೆಳಗಿನ ರೂಮು. ಬಾಗಿಲ ಹತ್ರ ಊಟ ಇಟ್ಟು ಹೋಗೋರು. ಹಗಲೋ ರಾತ್ರಿಯೋ ಗೊತ್ತಾಗ್ತಿರ್ಲಿಲ್ಲ. ಆಮೇಲೆ ದಡದ ಡಾಕ್‌ಯಾರ್ಡಲ್ಲೇ ಕೆಲಸ ಹಿಡ್ಕೊಂಡೆ. ಯಾರಿಗೂ ಹೇಳಿಲ್ಲ. ನೀವೂ ಹೇಳ್ಬೇಡಿ."

"ಹೇಳಲ್ಲ."

ಲಿಫ್ಟ್ ಜರ್ರನೆ ಕೆಳಗಿಳಿಯಿತು. ಬಾಗಿಲು ತೆರೆದಾಗ ಅವನು ಕೈ ಬಿಡಿಸಿಕೊಂಡು, ತಿರುಗಿ ನೋಡದೆ ಹೊರಗೆ ನಡೆದುಬಿಟ್ಟ.

ಮರುದಿನ ಅವನು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತಲಿಲ್ಲ.

"ಅವ್ನು ವಾಪಸ್ ಹೊರಟ ಮಾರಾಯ್ತಿ," ಎಂದರು ಪುಟ್ಟಣ್ಣ. "ಹಡಗಿನವ್ರು ಕರೆದ್ರಂತೆ. ನಾಳೆ ಮುಂಬೈಗೆ. ಈ ಸಲ ಹಡಗಲ್ಲೇ ಇರೋ ಕೆಲಸ."

ಹೇಮಶ್ರೀ ಅವರಿಂದಲೇ ವಿಳಾಸ ಪಡೆದು ಹಳೇನಗರದ ಅವನ ಮನೆಗೆ ಆಟೊ ಹಿಡಿದಳು.

ಬಾಗಿಲು ತೆರೆದವರು ಅವನ ತಾಯಿ ಕಾಳಮ್ಮ. ನಡುಮನೆಯಲ್ಲಿ ತೆರೆದ ಸೂಟ್‌ಕೇಸು, ಪಕ್ಕದಲ್ಲಿ ಚಟ್ನಿಪುಡಿ ಪೊಟ್ಟಣಗಳು. ದೇವರಾಜ್ ಗೋಡೆಗೊರಗಿ ನಿಂತಿದ್ದ. ಅವಳನ್ನು ಕಂಡದ್ದೇ ಬಿಳಿಚಿದ.

"ಬಾರಮ್ಮ. ಇಡೀ ಬೀದಿ ಇವನನ್ನ ಹಡಗಿನ ದೇವರಾಜ್ ಅಂತಾನೇ ಕರೆಯೋದು," ಎಂದರು ಕಾಳಮ್ಮ, ಹೆಮ್ಮೆಯಿಂದ. "ಅವರಪ್ಪ ಇದ್ದಿದ್ರೆ ಎಷ್ಟು ಖುಷಿಪಡೋರು. ಕಾಫಿ ಕುಡೀತೀಯಾ?"

ಹೇಮಶ್ರೀ ಚಾಪೆಯ ಮೇಲೆ ಕೂತಳು. ಒಂದು ಮಾತು ಸಾಕಿತ್ತು. ನಿಮ್ಮ ಮಗ ಅಲ್ಲಿ ಉಸಿರಾಡಲಾರ ಅಮ್ಮ, ಎಂದರೆ ಮುಗಿಯಿತು, ಅವನು ಉಳಿಯುತ್ತಾನೆ. ದೇವರಾಜನ ಕಣ್ಣುಗಳು ಬೇಡ, ಬೇಡ ಎನ್ನುತ್ತಿದ್ದವು. ಆಡಿದರೆ ಅವನು ಉಳಿದಾನು, ಆದರೆ ಮತ್ತೆ ಅವಳ ಮುಖ ನೋಡಲಾರ. ಆಡದಿದ್ದರೆ?

"ಕಾಫಿ ಬೇಡಮ್ಮ," ಎಂದಳು. "ಹೋಗಿ ಬನ್ನಿ ಅಂತ ಹೇಳೋಕೆ ಬಂದೆ."

ಹೇಳಿ ಎದ್ದಳು. ಕಣ್ಣು ತುಂಬಿದ್ದು ಕಾಣಬಾರದೆಂದು ಬಿರಬಿರನೆ ನಡೆದಳು. ಬೀದಿಯ ತಿರುವಿನಲ್ಲಿ ಹಿಂದಿನಿಂದ ಓಡುವ ಹೆಜ್ಜೆ ಕೇಳಿಸಿತು.

"ಹೇಮಾ!"

ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ನಿಂತಳು, ತಿರುಗಲಿಲ್ಲ.

"ಯಾಕೆ ಹೇಳ್ಲಿಲ್ಲ?"

"ಹೇಳಲ್ಲ ಅಂದಿದ್ನಲ್ಲ."

"ನಾನು ಹೋಗಿಬಿಡ್ತಿದ್ದೆ."

"ಗೊತ್ತು." ಈಗ ತಿರುಗಿದಳು. "ಅದು ನಿಮ್ಮ ಮಾತು, ನೀವೇ ಆಡಬೇಕು. ನನ್ನ ಮಾತು ಬೇರೆ ಇದೆ. ನೀವು ಆ ರೂಮಲ್ಲಿ ಇದೀರ ಅಂತ ಗೊತ್ತಿದ್ದು ನನಗೆ ಇಲ್ಲಿ ನಿದ್ದೆ ಬರಲ್ಲ. ಒಂದು ರಾತ್ರಿನೂ ಬರಲ್ಲ. ನನಗೆ ನೀವು ಬೇಕು ದೇವರಾಜ್. ಜಗಳಕ್ಕಾದ್ರೂ ಬೇಕು."

ಬೀದಿಯ ನಲ್ಲಿಯಲ್ಲಿ ಬಿಂದಿಗೆ ಹಿಡಿದಿದ್ದ ಹೆಂಗಸು ನೀರು ತುಂಬಿ ಚೆಲ್ಲುತ್ತಿದ್ದರೂ ಇವರನ್ನೇ ನೋಡುತ್ತಿದ್ದಳು. ದೇವರಾಜ್‌ಗೆ ಅದರ ಪರಿವೆಯಿರಲಿಲ್ಲ.

"ಭಯಪಟ್ಟು ಮನೇಲಿ ಕೂತ ಅಂತಾರೆ ಎಲ್ಲ."

"ಅನ್ನಲಿ. ನಮ್ಮಪ್ಪನ ಮುಂದೆ ಬಂದು ಕೂತ್ಕೊಳ್ಳಿ, ಆಮೇಲೆ ಭಯದ ಮಾತಾಡಿ. ರಿಟೈರ್ಡ್ ಸಂಸ್ಕೃತ ಮೇಷ್ಟ್ರು ಯಜ್ಞನಾರಾಯಣ. ಬೇರೆ ಜಾತಿ ಹುಡುಗ ಅಂತ ಅವರು ರೇಗೋದು ಕೇಳಿದ್ರೆ ನಿಮಗೆ ಆ ಹಡಗಿನ ರೂಮೇ ವಾಸಿ ಅನ್ಸುತ್ತೆ."

ಅವನು ನಗಲು ಹೋಗಿ ಅತ್ತುಬಿಟ್ಟ. ಮತ್ತೆ ಅತ್ತದ್ದಕ್ಕೇ ನಕ್ಕ. "ಬರ್ತೀನಿ. ಮೊದಲು ನೀವು ನನ್ನ ಜೊತೆ ಬನ್ನಿ. ಒಬ್ಬನೇ ಹೇಳೋಕಾಗಲ್ಲ."

ಇಬ್ಬರೂ ಮರಳಿ ಬಂದಾಗ ಕಾಳಮ್ಮ ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದರು. ದೇವರಾಜ್ ಅವರ ಮುಂದೆ ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿದ. ನೀರಿನ ಕೆಳಗಿನ ಕೋಣೆ, ಬಾಗಿಲ ಹತ್ತಿರದ ಊಟ, ತಗಡಿನ ಗೋಡೆ. ಎರಡು ಸಲ ದನಿ ನಿಂತಿತು. ಎರಡು ಸಲವೂ ಅವನು ಹೇಮಶ್ರೀಯನ್ನು ನೋಡಿ ಮುಂದುವರಿಸಿದ.

ಕಾಳಮ್ಮ ಜಿಪ್ ಬಿಟ್ಟು ಅವನ ಪಕ್ಕಕ್ಕೆ ಸರಿದು ಕೂತರು. ಅವರ ಕೈ ಮಗನ ತಲೆಗೂದಲಲ್ಲಿ ಆಡುತ್ತಿತ್ತು.

"ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಲ್ಲೋ," ಎಂದರು ಕೊನೆಗೆ. ಆಮೇಲೆ ಹೇಮಶ್ರೀಯ ಕಡೆ ತಿರುಗಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಈಗ ಇಲ್ಲೇ ಕೂತಿದ್ದಾಗಲೂ?"

"ಹೂಂ."

ಕಾಳಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹೇಮಶ್ರೀ ಕಣ್ಣು ತಪ್ಪಿಸಲಿಲ್ಲ.

"ಅಮ್ಮ, ಇನ್ನೊಂದು ವಿಷಯ ಇದೆ..." ದೇವರಾಜ್ ಶುರುಮಾಡಿದ.

"ಅದನ್ನ ಹೇಳ್ಬೇಡ, ಕಾಣುತ್ತೆ," ಎಂದರು ಕಾಳಮ್ಮ. "ನನ್ನ ಮಗನ ಮಾನ ಕಾಯ್ದೋಳು ಆಗಲೇ ಕಾಫಿ ಕುಡೀದೆ ಎದ್ದು ಹೋದ್ಲು. ಈಗಲಾದ್ರೂ ಕೂರಿಸ್ಕೋ."

ಅವರು ಕಾಫಿ ಮಾಡಲು ಒಳಗೆ ಹೋದರು. ಹೇಮಶ್ರೀ ಚಾಪೆಯ ಅಂಚಿನಲ್ಲಿ ಕೂತಳು, ದೇವರಾಜ್ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.